ಶಿಕ್ಷೆಯ ಸುದ್ದಿ ಹಾಕಿದಿರಿ, ಖುಲಾಸೆಯ ಸುದ್ದಿಯನ್ನೂ ಹಾಕಿ

ಮಾನ್ಯ ಸಂಪಾದಕರೇ, ನಮಸ್ಕಾರ.

2022ರ ಫೆಬ್ರವರಿಯಲ್ಲಿ ನಿಮ್ಮ ಪತ್ರಿಕೆಯ ಕರಾವಳಿ ಪುಟದಲ್ಲಿ ಒಂದು ಸುದ್ದಿ ಬಂದಿತ್ತು. 'ಕಾರು ಕಳ್ಳನಿಗೆ ಒಂದು ವರ್ಷ ಜೈಲು' ಅಂತ ತಲೆಬರಹ. ಕೆಳಗೆ ಹೆಸರು, ವಯಸ್ಸು, ಊರು, ತಂದೆಯ ಹೆಸರು ಎಲ್ಲ ಇತ್ತು. ಆ ಹುಡುಗ ನನ್ನ ತಂಗಿಯ ಮಗ. 2025ರಲ್ಲಿ ಸೆಷನ್ಸ್ ಕೋರ್ಟು ಅವನ ಅಪೀಲು ಒಪ್ಪಿ ಆ ಶಿಕ್ಷೆಯನ್ನು ರದ್ದು ಮಾಡಿತು. ಮರುದಿನ ಬೆಳಿಗ್ಗೆ ಬೇಗ ಎದ್ದು ಪೇಪರಿನವನಿಗೆ ಕಾದು ಕೂತಿದ್ದೆ. ಬರಲಿಲ್ಲ. ಅದರ ಮರುದಿನವೂ ಇಲ್ಲ. ಒಂದು ವಾರ ನಿಮ್ಮದೂ ಸೇರಿ ನಾಲ್ಕು ಪತ್ರಿಕೆ ತರಿಸಿ ನೋಡಿದೆ, ಒಂದರಲ್ಲೂ ಒಂದು ಸಾಲು ಇರಲಿಲ್ಲ. ಅದಕ್ಕೇ ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗ್ತದೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ತುಳುನಾಡಿನ ಮನೆಗಳಲ್ಲಿ ಅಳಿಯನ ಕಷ್ಟಸುಖ ಸೋದರಮಾವನದ್ದೇ. ಅಳಿಯಕಟ್ಟು, ಅಂದರೆ ಮನೆತನ ತಾಯಿಯ ಕಡೆಯಿಂದ ಮುಂದುವರಿಯುವ ಪದ್ಧತಿ, ಕಾನೂನಿನಿಂದ ಹೋಗಿರಬಹುದು, ನಮ್ಮ ಮನಸ್ಸಿನಿಂದ ಹೋಗಿಲ್ಲ. ಹುಡುಗನ ತಂದೆ ಬೇಗ ತೀರಿಕೊಂಡರು. ಶಾಲೆಗೆ ಸೇರಿಸಿದ್ದು ನಾನು, ಪಿಯುಸಿ ಆದ ಮೇಲೆ ಕೇಟರಿಂಗ್ ಕೆಲಸಕ್ಕೆ ಹಚ್ಚಿದ್ದೂ ನಾನು. ಮೂಲ್ಕಿ, ಕಿನ್ನಿಗೋಳಿ, ಪಡುಬಿದ್ರಿ ಕಡೆ ಮದುವೆ, ನೇಮ, ಬ್ರಹ್ಮಕಲಶ ಎಲ್ಲಿ ಊಟ ಇದ್ದರೂ ಬಡಿಸಲು ಹೋಗುತ್ತಿದ್ದ. ಆಮೇಲೆ ಸ್ವಂತವಾಗಿ ಸಣ್ಣ ಸಣ್ಣ ಆರ್ಡರ್ ಹಿಡಿಯಲು ಶುರು ಮಾಡಿದ. ಪಾತ್ರೆ, ಗ್ಯಾಸ್ ಒಲೆ, ಅಕ್ಕಿ ಮೂಟೆ ಸಾಗಿಸಲು ಪ್ರತಿ ಸಲ ಟೆಂಪೋ ಬಾಡಿಗೆ ಕೊಟ್ಟರೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಹಾಗಾಗಿ 2015ರ ಆಗಸ್ಟ್‌ನಲ್ಲಿ ಒಂದು ಹಳೆ ಬಿಳಿ ಓಮ್ನಿ ತೆಗೆದುಕೊಂಡ. 1,40,000 ರೂಪಾಯಿ. ಅದರಲ್ಲಿ ಒಂದು ಲಕ್ಷ ಚೆಕ್, ಉಳಿದದ್ದು ನಗದು. ಆ ಚೆಕ್ಕಿನ ವಿಷಯ ನೆನಪಿಟ್ಟುಕೊಳ್ಳಿ, ಕೊನೆಗೆ ಅವನನ್ನು ಉಳಿಸಿದ್ದು ಅದೇ.

ಮಾರಿದವನು ಆರ್‌ಸಿ ಜೆರಾಕ್ಸ್ ಕೊಟ್ಟ, ಇನ್ಶೂರೆನ್ಸ್ ಕಾಪಿ ಕೊಟ್ಟ, ಗಾಡಿಯನ್ನು ಕೊಂಡವನ ಹೆಸರಿಗೆ ಮಾಡಿಸುವ 29 ಮತ್ತು 30ನೇ ಫಾರಂಗಳಿಗೆ ಸಹಿ ಹಾಕಿಕೊಟ್ಟ. ಒರಿಜಿನಲ್ ಆರ್‌ಸಿ ಫೈನಾನ್ಸ್‌ನವರ ಹತ್ತಿರ ಇದೆ, ಒಂದು ತಿಂಗಳಲ್ಲಿ ತಂದುಕೊಡುತ್ತೇನೆ ಅಂದ. ಹುಡುಗ ನಂಬಿದ. ಒಂದು ತಿಂಗಳು ಎರಡಾಯಿತು, ಮದುವೆ ಸೀಸನ್ ಬಂತು, ಕೆಲಸದ ಗಡಿಬಿಡಿಯಲ್ಲಿ ಅದು ಹಿಂದೆ ಬಿತ್ತು. ಗಾಡಿ ಕೊಂಡವನು 30 ದಿನದೊಳಗೆ ತನ್ನ ಹೆಸರಿಗೆ ಮಾಡಿಸಲು ಅರ್ಜಿ ಕೊಡಬೇಕು ಅಂತ ಮೋಟಾರು ವಾಹನ ಕಾಯ್ದೆಯ 50ನೇ ಸೆಕ್ಷನ್ ಹೇಳುತ್ತದೆ. ಅವನು ಕೊಡಲಿಲ್ಲ. ಅದು ಅವನ ತಪ್ಪೇ, ನಾನು ಮುಚ್ಚಿಡುವುದಿಲ್ಲ. ನಾನಾದರೂ ಒಮ್ಮೆ ಕೇಳಬೇಕಿತ್ತು. ಗಾಡಿ ಮನೆಗೆ ಬಂದ ದಿನ ಹೂವಿನ ಮಾಲೆ ಹಾಕಿ, ಚಕ್ರದಡಿ ಲಿಂಬೆಹಣ್ಣು ಇಟ್ಟು ಪೂಜೆ ಮಾಡಿಸಿದ್ದು ನಾನೇ. ಕಾಗದ ನೋಡಬೇಕು ಅಂತ ಆ ದಿನ ನನಗೆ ಹೊಳೆಯಲಿಲ್ಲ.

ಸಿಕ್ಕಿಬಿದ್ದದ್ದು ಹೇಗೆ ಗೊತ್ತಾ? ಘಟ್ಟದ ಮೇಲಿನ ಒಬ್ಬರಿಗೆ ಮಂಗಳೂರಿನಲ್ಲಿ ತಪ್ಪು ಜಾಗದಲ್ಲಿ ಗಾಡಿ ನಿಲ್ಲಿಸಿದ್ದಕ್ಕೆ ದಂಡದ ನೋಟಿಸು ಹೋಯಿತು. ಅವರದ್ದೂ ಬಿಳಿ ಓಮ್ನಿಯೇ. ಆದರೆ ಆ ಗಾಡಿ ಘಟ್ಟ ಇಳಿದೇ ಇರಲಿಲ್ಲ. ಅವರು ದೂರು ಕೊಟ್ಟರು. 2016ರ ಜನವರಿಯಲ್ಲಿ ಪೊಲೀಸರು ನಮ್ಮ ಹುಡುಗನ ಗಾಡಿ ಹಿಡಿದರು. ನಂಬರ್ ಪ್ಲೇಟು ಆ ಘಟ್ಟದವರ ಗಾಡಿಯದ್ದು. ಷಾಸಿ ನಂಬರನ್ನು ಯಾರೋ ಅರದಿಂದ ಉಜ್ಜಿ ತೆಗೆದು, ಅದರ ಮೇಲೆ ಬೇರೆ ನಂಬರ್ ಹೊಡೆದಿದ್ದರು. ಪ್ರಯೋಗಾಲಯದಲ್ಲಿ ಆಸಿಡ್ ಹಾಕಿ ನೋಡಿದಾಗ ಅಡಿಯ ಹಳೆ ನಂಬರು ಕಂಡಿತು. 2014ರ ನವೆಂಬರ್‌ನಲ್ಲಿ ಇನ್ನೊಂದು ಜಿಲ್ಲೆಯಲ್ಲಿ ಒಬ್ಬರ ಮನೆ ಎದುರಿನಿಂದ ಕಳವಾದ ಗಾಡಿ ಅದು.

ಹುಡುಗನಿಗೆ ಆಗ 24 ವರ್ಷ. ಮಾರಿದವನ ಹೆಸರು, ಫೋನ್ ನಂಬರ್ ಎಲ್ಲ ಪೊಲೀಸರಿಗೆ ಕೊಟ್ಟ. ಆ ಫೋನ್ ಆಗಲೇ ಸ್ವಿಚ್ ಆಫ್. ಮಾರಿದವನನ್ನು ಒಂದನೇ ಆರೋಪಿ ಮಾಡಿದರು, ಅವನು ಸಿಗಲಿಲ್ಲ. ತಲೆಮರೆಸಿಕೊಂಡಿದ್ದಾನೆ ಅಂತ ಅವನ ಕೇಸು ಬೇರೆ ಮಾಡಿದರು. ಉಳಿದದ್ದು ಎರಡನೇ ಆರೋಪಿ ಒಬ್ಬನೇ, ನಮ್ಮ ಹುಡುಗ. ಮರುದಿನ ಪತ್ರಿಕೆಗಳಲ್ಲಿ ಫೋಟೋ. ಮುಂದೆ ಓಮ್ನಿ, ಪಕ್ಕದಲ್ಲಿ ತಲೆ ತಗ್ಗಿಸಿ ನಿಂತ ಅವನು, ಹಿಂದೆ ಸಾಲಾಗಿ ಪೊಲೀಸರು. ನನ್ನ ತಂಗಿ ಆ ಪೇಪರನ್ನು ಮಡಚಿ ದೇವರ ಕೋಣೆಯಲ್ಲಿ ಇಟ್ಟುಬಿಟ್ಟಳು. ಯಾಕೆ ಅಲ್ಲಿಟ್ಟೆ ಅಂತ ಕೇಳಿದರೆ, ಅವನೇ ನೋಡಲಿ ಅಂದಳು.

ವಿಚಾರಣೆ ಆರು ವರ್ಷ ನಡೆಯಿತು. ಗಾಡಿ ಜಪ್ತಿಯ ಮಹಜರಿಗೆ ಸಾಕ್ಷಿಯಾಗಿ ಸಹಿ ಹಾಕಿದ ಪಂಚರಲ್ಲಿ ಒಬ್ಬರು, ನನ್ನ ಎದುರು ಏನನ್ನೂ ಜಪ್ತಿ ಮಾಡಲಿಲ್ಲ, ಸ್ಟೇಷನ್ನಿಗೆ ಕರೆಸಿ ಸಹಿ ಹಾಕಿಸಿಕೊಂಡರು ಅಂತ ಹೇಳಿದರು. ಇನ್ನೊಬ್ಬರು ಬರಲೇ ಇಲ್ಲ. ಅದೆಲ್ಲ ಇರಲಿ. ಗಾಡಿ ಅವನ ಹತ್ತಿರ ಇತ್ತು ಅನ್ನುವುದನ್ನು ನಾವು ಯಾವತ್ತೂ ಅಲ್ಲಗಳೆದವರಲ್ಲ.

ನಿಜವಾದ ಪೆಟ್ಟು ಬಿದ್ದದ್ದು ಬೇರೆ ಕಡೆ. ಸಾಕ್ಷಿಗಳೆಲ್ಲ ಮುಗಿದ ಮೇಲೆ ನ್ಯಾಯಾಧೀಶರು ಆರೋಪಿಯನ್ನು ಎದುರು ನಿಲ್ಲಿಸಿ ಪ್ರಶ್ನೆ ಕೇಳುತ್ತಾರೆ. ಕ್ರಿಮಿನಲ್ ಕೇಸು ಹೇಗೆ ನಡೆಸಬೇಕು ಅಂತ ಹೇಳುವ ಹಳೆ ಕಾನೂನು ಸಿಆರ್‌ಪಿಸಿಯಲ್ಲಿ ಅದು 313ನೇ ಸೆಕ್ಷನ್, ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 351. ನಿನ್ನ ವಿರುದ್ಧ ಹೀಗೆ ಸಾಕ್ಷಿ ಬಂದಿದೆ, ನೀನು ಏನು ಹೇಳುತ್ತೀ ಅಂತ ಕೇಳುವ ಹೊತ್ತು ಅದು. ಆರೋಪಿ ತನ್ನ ಕಡೆಯ ಮಾತು ಹೇಳಲು ಕಾನೂನು ಕೊಟ್ಟ ಅವಕಾಶವೇ ಅದು. ನಮ್ಮ ಹುಡುಗ ಎಲ್ಲ ಪ್ರಶ್ನೆಗೂ 'ಸುಳ್ಳು' ಅಂತ ಒಂದೇ ಉತ್ತರ ಕೊಟ್ಟು ಬಂದ. ಹಾಗೆಯೇ ಹೇಳಬೇಕು ಅಂತ ಅವನಿಗೆ ಯಾರೋ ಹೇಳಿಕೊಟ್ಟಿದ್ದರು. ಗಾಡಿ ಎಲ್ಲಿಂದ ಬಂತು, ಯಾರಿಗೆ ಚೆಕ್ ಕೊಟ್ಟೆ, ಯಾವ ದಿನ, ಯಾರ ಎದುರು, ಒಂದನ್ನೂ ಹೇಳಲಿಲ್ಲ. ಬ್ಯಾಂಕಿನ ಕಾಗದವನ್ನೂ ಹಾಜರು ಮಾಡಲಿಲ್ಲ. ಆಗಿನ ವಕೀಲರು ಅದು ಬೇಡ ಅಂದಿದ್ದರಂತೆ. ಕೇಸಿನಲ್ಲಿ ಸಿಕ್ಕಿದ ಪ್ರತಿಯೊಬ್ಬರಿಗೂ ನಾನು ಇದೊಂದನ್ನು ಹೇಳುತ್ತೇನೆ: ಆ ಪ್ರಶ್ನೆಗಳ ದಿನ ಸುಮ್ನೆ 'ಸುಳ್ಳು', 'ಗೊತ್ತಿಲ್ಲ' ಅಂದು ಬರಬೇಡಿ. ಹೇಳುವ ವಿಷಯ ಇದ್ದರೆ ವಕೀಲರ ಹತ್ತಿರ ಕೂತು ಮಾತಾಡಿ, ಅಲ್ಲೇ ಹೇಳಿ. ಬರೆದು ಕೂಡ ಕೊಡಬಹುದು.

ಈಗ ತೀರ್ಪಿನ ವಿಷಯ. ಅವನ ಮೇಲೆ ಎರಡು ಆರೋಪ ಇತ್ತು. ಒಂದು ಐಪಿಸಿ 379, ಅಂದರೆ ಕಳವು. ಇನ್ನೊಂದು 411, ಅಂದರೆ ಕದ್ದ ಮಾಲು ಅಂತ ಗೊತ್ತಿದ್ದೂ ಅಥವಾ ಹಾಗೆ ನಂಬಲು ಕಾರಣ ಇದ್ದೂ ಅದನ್ನು ಇಟ್ಟುಕೊಳ್ಳುವುದು. ಮ್ಯಾಜಿಸ್ಟ್ರೇಟ್ ಕೋರ್ಟು ಕಳವಿನ ಆರೋಪದಿಂದ ಅವನನ್ನು ಆ ದಿನವೇ ಬಿಡುಗಡೆ ಮಾಡಿತ್ತು. ಕದ್ದವನು ಇವನು ಅನ್ನಲು ಸಾಕ್ಷ್ಯ ಇಲ್ಲ ಅಂತ ತೀರ್ಪಿನಲ್ಲೇ ಬರೆದಿದೆ. ಶಿಕ್ಷೆ ಆದದ್ದು 411ರಲ್ಲಿ ಮಾತ್ರ: ಒಂದು ವರ್ಷ ಸಾದಾ ಸಜೆ, 5,000 ರೂಪಾಯಿ ದಂಡ. ಹಾಗಾದರೆ 'ಕಾರು ಕಳ್ಳನಿಗೆ ಜೈಲು' ಅಂತ ನೀವು ಹಾಕಿದ ತಲೆಬರಹ, ಸಂಪಾದಕರೇ, ಅಪೀಲಿಗೂ ಮೊದಲೇ, ಅಚ್ಚಾದ ದಿನವೇ ತಪ್ಪಾಗಿತ್ತು. ನಿಮ್ಮ ವರದಿಗಾರರಿಗೆ ಪೊಲೀಸರ ಪ್ರಕಟಣೆ ಬಂದಿರಬೇಕು, ತೀರ್ಪನ್ನು ಯಾರೂ ಓದಿರಲಿಕ್ಕಿಲ್ಲ. ಒಂದು ದಿನದಲ್ಲಿ ಎಷ್ಟು ಸುದ್ದಿ ನೋಡಬೇಕು ಅಂತ ನನಗೂ ಅರ್ಥ ಆಗ್ತದೆ. ಆದರೆ 'ಕಳ್ಳ' ಅನ್ನುವ ಮಾತು ಒಮ್ಮೆ ಒಬ್ಬನಿಗೆ ಅಂಟಿತು ಅಂದರೆ ಬಿಡುವುದಿಲ್ಲ ಅಲ್ವಾ?

ಶಿಕ್ಷೆ ಆದ ದಿನ ಸಂಜೆ ನಮ್ಮ ಮನೆಯಲ್ಲಿ ಸಾವಾದ ಹಾಗೆ ಇತ್ತು. ನೆಂಟರೊಬ್ಬರು ಬಂದು ಬುದ್ಧಿ ಹೇಳಿದರು. ಅಪೀಲು ಗಿಪೀಲು ಬೇಡ, ತಪ್ಪು ಒಪ್ಪಿ ಶಿಕ್ಷೆ ಕಡಿಮೆ ಮಾಡಿ ಅಂತ ಕೇಳಿಕೊಳ್ಳಿ, ಮೊದಲ ಸಲದವನಿಗೆ ಸನ್ನಡತೆ ಮೇಲೆ ಬಿಡುವ ಕಾನೂನು ಇದೆ, ಬೇಗ ಮುಗಿಯುತ್ತದೆ ಅಂದರು. ಅಂಥ ಕಾನೂನು ಇರುವುದು ನಿಜ, 1958ರ ಪ್ರೊಬೇಷನ್ ಕಾಯ್ದೆ. ತಪ್ಪು ಮಾಡಿದ ಹುಡುಗರಿಗೆ ಅದು ದೊಡ್ಡ ಆಸರೆ. ತಂಗಿಯೂ ಅರ್ಧ ಒಪ್ಪಿದ್ದಳು. ಹುಡುಗ ಮಾತ್ರ ಮೂಲೆಯಲ್ಲಿ ಕೂತವನು ತಲೆ ಎತ್ತಿ, 'ತಮ್ಮಲೆ, ಮಾಡದ್ದನ್ನು ಮಾಡಿದೆ ಅಂತ ನಾನು ಹೇಳುವುದಿಲ್ಲ' ಅಂದ. ತಮ್ಮಲೆ ಅಂದರೆ ತುಳುವಿನಲ್ಲಿ ಸೋದರಮಾವ. ಅಷ್ಟೇ. ಅಪೀಲು ಹಾಕುವುದು ಅಂತ ಅಲ್ಲಿಗೆ ನಿಶ್ಚಯ ಆಯಿತು.

ಅಪೀಲು ಅಂದರೆ ಏನು ಅಂತ ನನಗೂ ಅಲ್ಲಿಯವರೆಗೆ ಸರಿಯಾಗಿ ಗೊತ್ತಿರಲಿಲ್ಲ. ನಿಮ್ಮ ಓದುಗರಲ್ಲೂ ತುಂಬಾ ಜನಕ್ಕೆ ಗೊತ್ತಿರಲಿಕ್ಕಿಲ್ಲ, ಅದಕ್ಕೆ ಹೇಳುತ್ತೇನೆ. ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಇಂಥ ಶಿಕ್ಷೆ ಆದರೆ 30 ದಿನದೊಳಗೆ ಸೆಷನ್ಸ್ ಕೋರ್ಟಿಗೆ ಅಪೀಲು ಹಾಕಬಹುದು. ಇದು ಯಾರ ದಯೆಯೂ ಅಲ್ಲ, ಹಕ್ಕು. ಹಳೆ ಸಿಆರ್‌ಪಿಸಿಯಲ್ಲಿ 374, ಹೊಸದರಲ್ಲಿ 415. ಜೈಲು ಶಿಕ್ಷೆ ಆದವನಿಗೆ ತೀರ್ಪಿನ ನಕಲನ್ನು ಕೂಡಲೇ, ಒಂದು ಪೈಸೆ ತೆಗೆದುಕೊಳ್ಳದೆ ಕೊಡಬೇಕು. ನಮ್ಮ ತೀರ್ಪು ಇಂಗ್ಲಿಷಿನಲ್ಲಿತ್ತು. ಅವನಿಗೆ ಶಿಕ್ಷೆ ಆದದ್ದು ಯಾಕೆ ಅನ್ನುವುದು ಅವನಿಗೇ ಓದಲು ಬರುತ್ತಿರಲಿಲ್ಲ. ಆರೋಪಿ ಕೇಳಿದರೆ ಸಾಧ್ಯವಾದಷ್ಟು ಮಟ್ಟಿಗೆ ಅವನ ಭಾಷೆಯಲ್ಲಿ ಅನುವಾದ ಕೊಡಬೇಕು ಅಂತಲೂ ಕಾನೂನಿನಲ್ಲಿ ಇದೆ, ಆದರೆ ಕೇಳಬೇಕು ಅಂತ ಗೊತ್ತಿದ್ದರೆ ತಾನೇ ಕೇಳುವುದು. ಮೂರು ವರ್ಷ ಮೀರದ ಶಿಕ್ಷೆ ಆಗಿದ್ದು, ಆರೋಪಿ ಅಲ್ಲಿಯವರೆಗೆ ಜಾಮೀನಿನಲ್ಲೇ ಇದ್ದರೆ, ಅಪೀಲು ಹಾಕಲು ಬೇಕಾದಷ್ಟು ದಿನ ಶಿಕ್ಷೆ ಕೊಟ್ಟ ಕೋರ್ಟೇ ಜಾಮೀನು ಕೊಡುತ್ತದೆ. ನಮಗೂ ಕೊಟ್ಟಿತು. ಆಮೇಲೆ ಸೆಷನ್ಸ್ ಕೋರ್ಟು ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಜಾಮೀನಿಗೆ ನನ್ನ ಅರ್ಧ ಎಕರೆಯ ಆರ್‌ಟಿಸಿ ಕೊಟ್ಟೆ. ವಕೀಲರಿಗೆ ದುಡ್ಡಿಲ್ಲದವರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ ಕೇಳಬಹುದು, ಅಪೀಲಿಗೂ ಅಲ್ಲಿ ಉಚಿತ ವಕೀಲರು ಸಿಗುತ್ತಾರೆ. 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ. ಎಷ್ಟೋ ಬಡವರು 30 ದಿನ ಕಳೆದ ಮೇಲೆ ವಕೀಲರ ಮನೆ ಬಾಗಿಲಿಗೆ ಹೋಗುತ್ತಾರೆ. ತಡವಾದದ್ದಕ್ಕೆ ಸರಿಯಾದ ಕಾರಣ ಇದ್ದರೆ ಕೋರ್ಟು ಮನ್ನಿಸಬಹುದು, ಆದರೆ ಅದೇ ಒಂದು ಬೇರೆ ಹೋರಾಟ.

ಸೆಷನ್ಸ್ ಕೋರ್ಟಿನಲ್ಲಿ ಸೋತಿದ್ದರೆ ಮುಂದೆ ಹೈಕೋರ್ಟಿಗೆ ಹೋಗಬೇಕಿತ್ತು. ಹೈಕೋರ್ಟಿನ ಪೀಠಗಳು ಧಾರವಾಡ, ಕಲಬುರಗಿಯಲ್ಲಿ ಇವೆ, ನಮಗೆ ಬೆಂಗಳೂರೇ ಗತಿ. ಮಳೆಗಾಲದಲ್ಲಿ ಶಿರಾಡಿಯಲ್ಲಿ ಗುಡ್ಡ ಕುಸಿದರೆ ವಾಯಿದೆಗೆ ಮುಟ್ಟುವುದೇ ಕಷ್ಟ. ಕರಾವಳಿಗೆ ಒಂದು ಪೀಠ ಬೇಕು ಅಂತ ಕೇಳುತ್ತಿರುವವರ ಜೊತೆ ನಾನೂ ಇದ್ದೇನೆ. ಅದು ಇನ್ನೊಂದು ಪತ್ರಕ್ಕೆ.

ಅಪೀಲಿಗೆ ಹೊಸ ವಕೀಲರನ್ನು ಹಿಡಿದೆವು. ಅವರು ಕಡತ ಪೂರ್ತಿ ಓದಿ, ಮೊದಲ ದಿನವೇ ಒಂದು ಮಾತು ಹೇಳಿದರು. ಗಾಡಿ ಕದ್ದದ್ದು ನಿಜ, ನಿಮ್ಮ ಹುಡುಗನ ಹತ್ತಿರ ಇದ್ದದ್ದೂ ನಿಜ, ಇಡೀ ಕೇಸು ನಿಂತಿರುವುದು ಒಂದೇ ಪ್ರಶ್ನೆಯ ಮೇಲೆ, ಅವನಿಗೆ ಗೊತ್ತಿತ್ತಾ ಇಲ್ಲವಾ. ಅದನ್ನು ರುಜುವಾತು ಮಾಡಬೇಕಾದದ್ದು ಪೊಲೀಸರು. ಮ್ಯಾಜಿಸ್ಟ್ರೇಟರು ಮೂರು ಕಾರಣ ಹಿಡಿದುಕೊಂಡಿದ್ದರು. ಕದ್ದ ಮಾಲು ಯಾರ ಹತ್ತಿರ ಸಿಕ್ಕಿತೋ ಅವನು ಲೆಕ್ಕ ಕೊಡಬೇಕು, ಇವನು ಕೊಡಲಿಲ್ಲ. 1,80,000 ಬೆಲೆಯದ್ದನ್ನು 1,40,000ಕ್ಕೆ ತೆಗೆದುಕೊಂಡಿದ್ದಾನೆ. ಐದು ತಿಂಗಳಾದರೂ ಹೆಸರಿಗೆ ಮಾಡಿಸಲಿಲ್ಲ.

ಲೆಕ್ಕ ಕೊಡಬೇಕು ಅನ್ನುವುದು ಸಾಕ್ಷ್ಯ ಕಾಯ್ದೆಯ 114ನೇ ಸೆಕ್ಷನ್ನಿನ ಒಂದು ಉದಾಹರಣೆಯಿಂದ ಬಂದದ್ದು, ಹೊಸ ಸಾಕ್ಷ್ಯ ಅಧಿನಿಯಮದಲ್ಲಿ ಅದು 119. ಕಳವಾದ ಸ್ವಲ್ಪದರಲ್ಲೇ ಮಾಲು ಯಾರ ಕೈಯಲ್ಲಿ ಸಿಕ್ಕಿತೋ ಅವನು ಕಳ್ಳ, ಇಲ್ಲವೇ ಗೊತ್ತಿದ್ದೇ ತೆಗೆದುಕೊಂಡವನು ಅಂತ ಕೋರ್ಟು ಊಹಿಸಬಹುದು ಅನ್ನುತ್ತದೆ ಅದು. ಊಹಿಸಲೇಬೇಕು ಅನ್ನುವುದಿಲ್ಲ, ಊಹಿಸಬಹುದು ಅಷ್ಟೇ. ಅದೂ ಕಳವಾದ ಸ್ವಲ್ಪದರಲ್ಲೇ ಸಿಕ್ಕಿದರೆ. ನಮ್ಮ ಗಾಡಿ ಸಿಕ್ಕಿದ್ದು ಕಳವಾಗಿ 14 ತಿಂಗಳ ಮೇಲೆ. ಅಷ್ಟರಲ್ಲಿ ಒಂದು ಗಾಡಿ ಎಷ್ಟು ಕೈ ದಾಟಬಹುದು, ಯೋಚಿಸಿ. ಹಳೆ ಗಾಡಿಯ ವ್ಯಾಪಾರ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇನ್ನು ಪ್ಲೇಟು, ಷಾಸಿ ನಂಬರು. ಆಸಿಡ್ ಹಾಕಿದ ಮೇಲೆ ತಜ್ಞರ ಕಣ್ಣಿಗೆ ಬಿದ್ದ ನಂಬರು, ಅನ್ನ ಬಡಿಸುವ ಹುಡುಗನ ಬರಿಗಣ್ಣಿಗೆ ಹೇಗೆ ಕಾಣಬೇಕಿತ್ತು? ಇದನ್ನು ವಕೀಲರು ಕೋರ್ಟಿನಲ್ಲಿ ಹೇಳಿದಾಗ ಹಿಂದಿನ ಬೆಂಚಿನಲ್ಲಿ ಕೂತಿದ್ದ ನನ್ನ ಕಣ್ಣಲ್ಲಿ ನೀರು ಬಂತು. ಆರು ವರ್ಷದಲ್ಲಿ ಅವನ ಪರವಾಗಿ ಯಾರೂ ಅದನ್ನು ಹೇಳಿರಲಿಲ್ಲ.

ಕಡಿಮೆ ಬೆಲೆಯ ವಿಷಯಕ್ಕೆ ನಮ್ಮ ಅಪೀಲು ಬಾಕಿ ಇರುವಾಗಲೇ ಉತ್ತರ ಬಂತು. 2022ರ ಸೆಪ್ಟೆಂಬರ್‌ನಲ್ಲಿ ಶಿವಕುಮಾರ್ ವಿರುದ್ಧ ಮಧ್ಯಪ್ರದೇಶ ರಾಜ್ಯ ಅನ್ನುವ ಕೇಸಿನಲ್ಲಿ ಸುಪ್ರೀಂ ಕೋರ್ಟು ಇದೇ 411ರ ಬಗ್ಗೆ ತೀರ್ಪು ಕೊಟ್ಟಿತು. ಅದು ಪಾತ್ರೆಗಳ ಕೇಸು. ಮಾಲು ಕದ್ದದ್ದು ಅಂತ ಆರೋಪಿಗೆ ಗೊತ್ತಿತ್ತು ಅನ್ನುವುದನ್ನು ಪೊಲೀಸರು ರುಜುವಾತು ಮಾಡಬೇಕು, ಕಡಿಮೆ ಬೆಲೆಗೆ ಮಾರಿದ್ದಾನೆ ಅನ್ನುವುದೊಂದರಿಂದಲೇ ಅದು ಗೊತ್ತಿತ್ತು ಅಂತ ತೀರ್ಮಾನಿಸಲು ಆಗುವುದಿಲ್ಲ ಅಂತ ಹೇಳಿ ಆ ಮನುಷ್ಯನನ್ನು ಬಿಟ್ಟರು. ನಮ್ಮ ವಕೀಲರು ಆ ತೀರ್ಪಿನ ಪ್ರತಿಯನ್ನು ಕಡತಕ್ಕೆ ಸೇರಿಸಿದರು. ಹಳೆ ಗಾಡಿ ನೋಡಲು ಹೋದ ಯಾರು ತಾನೇ ಚೌಕಾಸಿ ಮಾಡುವುದಿಲ್ಲ ಹೇಳಿ? 1,80,000 ಹೇಳಿದರೆ 1,40,000ಕ್ಕೆ ಕೊಡ್ತೀರಾ ಅಂತ ನಾನೂ ಕೇಳುತ್ತೇನೆ, ನೀವೂ ಕೇಳುತ್ತೀರಿ.

ಆದರೆ ಎಲ್ಲಕ್ಕಿಂತ ದೊಡ್ಡದು ಆ ಚೆಕ್. ಅಪೀಲಿನಲ್ಲಿ ಸಾಮಾನ್ಯವಾಗಿ ಹೊಸ ಸಾಕ್ಷ್ಯ ತೆಗೆದುಕೊಳ್ಳುವುದಿಲ್ಲ, ಕೆಳಗಿನ ಕೋರ್ಟಿನ ಕಡತದಲ್ಲಿ ಇದ್ದದ್ದನ್ನೇ ಮತ್ತೆ ತೂಗಿ ನೋಡುತ್ತಾರೆ. ಆದರೆ ನ್ಯಾಯಕ್ಕೆ ಬೇಕೇ ಬೇಕು ಅನ್ನಿಸಿದರೆ ತೆಗೆದುಕೊಳ್ಳಲು ಒಂದು ದಾರಿ ಇದೆ, ಸಿಆರ್‌ಪಿಸಿ 391, ಈಗ 432. ನಮ್ಮ ವಕೀಲರು ಅದಕ್ಕೆ ಅರ್ಜಿ ಹಾಕಿದರು. ಸರ್ಕಾರಿ ವಕೀಲರು ವಿರೋಧಿಸಿದರು. ಇಷ್ಟು ವರ್ಷ ಎಲ್ಲಿಟ್ಟಿದ್ದಿರಿ ಅಂತ ಕೇಳಿದರು, ಅವರು ಕೇಳಿದ್ದು ನ್ಯಾಯವೇ. ಕೋರ್ಟು ಅರ್ಜಿ ಒಪ್ಪಿತು. ಬ್ಯಾಂಕಿನ ಅಧಿಕಾರಿ ಬಂದು 2015ರ ಆಗಸ್ಟ್‌ನ ಲೆಕ್ಕದ ಪ್ರತಿ ಕೊಟ್ಟರು, ಸಾಕ್ಷಿ ಹೇಳಿದರು, ಪಾಟಿ ಸವಾಲು ಎದುರಿಸಿದರು. ಹುಡುಗನ ಖಾತೆಯಿಂದ ಒಂದು ಲಕ್ಷ ಹೋಗಿದೆ, ಹೋಗಿರುವುದು ಆ ಒಂದನೇ ಆರೋಪಿಯ ಹೆಸರಿಗೇ. ಕದ್ದ ಮಾಲು ಅಂತ ಗೊತ್ತಿದ್ದು ಕೊಳ್ಳುವವನು ತನ್ನ ಹೆಸರಿನ ಚೆಕ್ ಕೊಟ್ಟು ಗುರುತು ಬಿಟ್ಟು ಹೋಗುತ್ತಾನಾ? ಹೆಸರಿಗೆ ಮಾಡಿಸದೆ ಇದ್ದದ್ದು ಅಜಾಗರೂಕತೆ ಇರಬಹುದು, ಅಪ್ರಾಮಾಣಿಕತೆ ಅಂತ ಹೇಳಲು ಸಾಕ್ಷ್ಯ ಇಲ್ಲ ಅಂತ ತೀರ್ಪಿನಲ್ಲಿ ಬರೆದಿದ್ದಾರೆ. ಆ ಪುಟವನ್ನು ನಾನು ಎಷ್ಟು ಸಲ ಓದಿಸಿಕೊಂಡಿದ್ದೇನೋ.

ಇದೆಲ್ಲ ಹೇಳುವಾಗ ಬೇಗ ಆದ ಹಾಗೆ ಕಾಣುತ್ತದೆ. ಆದದ್ದು ಮೂರು ವರ್ಷದ ಮೇಲೆ. ಕೆಳ ಕೋರ್ಟಿನ ಕಡತ ಬರಲಿಲ್ಲ, ನ್ಯಾಯಾಧೀಶರಿಗೆ ವರ್ಗ, ರಜೆ, ಮತ್ತೆ ವಾಯಿದೆ. ಪ್ರತಿ ಸಲ ಬೆಳಿಗ್ಗೆ ಮೂಲ್ಕಿಯಲ್ಲಿ ಎಕ್ಸ್‌ಪ್ರೆಸ್ ಬಸ್ಸು ಹಿಡಿದು ಹೋಗುವುದು, ಹನ್ನೊಂದು ಗಂಟೆಗೆ ಮುಂದಿನ ತಾರೀಕು ತೆಗೆದುಕೊಂಡು ವಾಪಸ್ ಬರುವುದು. ಅವತ್ತಿನ ಕೂಲಿ ಹೋಯಿತು. ಒಂದು ದಿನ ನಮ್ಮ ವಕೀಲರಿಗೆ ಜ್ವರ, ಬರಲಿಲ್ಲ. ಅಪೀಲು ವಜಾ ಆಯಿತು ಅಂತಲೇ ನಾವು ತಿಳಿದು ಅಂಗಳದಲ್ಲಿ ನಿಂತು ನಡುಗಿದೆವು. ಕ್ರಿಮಿನಲ್ ಅಪೀಲನ್ನು ವಕೀಲರು ಬರಲಿಲ್ಲ ಅಂತ ಮಾತ್ರಕ್ಕೆ ವಜಾ ಮಾಡಬಾರದು, ಕಡತ ನೋಡಿಯೇ ತೀರ್ಮಾನಿಸಬೇಕು ಅಂತ ಸುಪ್ರೀಂ ಕೋರ್ಟು 1996ರಲ್ಲೇ ಬಾನಿ ಸಿಂಗ್ ಕೇಸಿನಲ್ಲಿ ಹೇಳಿದೆ ಅಂತ ಆಮೇಲೆ ಗೊತ್ತಾಯಿತು. ಆ ದಿನ ಯಾರಾದರೂ ಹೇಳಿದ್ದರೆ ತಂಗಿ ಒಂದು ತುತ್ತು ಊಟ ಮಾಡುತ್ತಿದ್ದಳು.

ಖುಲಾಸೆ ಆದ ಮೇಲೂ ಊರಲ್ಲಿ ಕೆಲವರು, 'ಸಂಶಯದ ಲಾಭ ಸಿಕ್ಕಿ ಬಿಟ್ಟರಂತೆ' ಅನ್ನುತ್ತಾರೆ. ಹಾಗೆ ಅನ್ನುವವರು ತೀರ್ಪು ಓದಿಲ್ಲ. ಓದಲು ಅವರಿಗೆ ಎಲ್ಲಿ ಸಿಗಬೇಕು? ಅವರ ಕೈಯಲ್ಲಿ ಇರುವುದು 2016ರ ಫೋಟೋ ಮತ್ತು 2022ರ ತಲೆಬರಹ. ಆ ಎರಡು ಕಟಿಂಗ್ ಈಗಲೂ ಊರಿನ ವಾಟ್ಸ್ಆಪ್ ಗುಂಪುಗಳಲ್ಲಿ ಓಡಾಡುತ್ತಿವೆ. ನಮ್ಮ ಊರಲ್ಲಿ ಗಲ್ಫಿಗೆ ಹೋಗದ ಮನೆ ಕಡಿಮೆ. ಇವನಿಗೂ 2019ರಲ್ಲಿ ಅಲ್ಲಿನ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿತ್ತು. ಕೇಸು ಬಾಕಿ ಇದ್ದ ಕಾರಣ ಪಾಸ್‌ಪೋರ್ಟಿಗೆ ಕೋರ್ಟಿನ ಅನುಮತಿ ಬೇಕು ಅಂದರು, ಪೊಲೀಸ್ ಕ್ಲಿಯರೆನ್ಸ್ ಸಿಗಲಿಲ್ಲ. ಕೆಲಸ ಹೋಯಿತು. ಎರಡು ಕಡೆಯಿಂದ ಹೆಣ್ಣಿನ ಪ್ರಸ್ತಾಪ ಬಂದು, ಯಾರೋ ಆ ಕಟಿಂಗ್ ಕಳಿಸಿದ್ದಕ್ಕೆ ಮುರಿದು ಬಿತ್ತು. ಕೇಟರಿಂಗ್ ಆರ್ಡರ್ ಕೊಡುವವರು ಕೂಡ ಮನೆಯಲ್ಲಿ ಬೆಳ್ಳಿ ಪಾತ್ರೆ ಇದೆ ಅಂತ ಹಿಂಜರಿದರು. ಈ ಮಾತನ್ನು ಅವನ ಎದುರೇ ಹೇಳಿದ್ದಾರೆ. 24 ವರ್ಷದವನಿಗೆ ಈಗ ತಲೆಯಲ್ಲಿ ಬಿಳಿಕೂದಲು.

ಗಾಡಿ ಕಳೆದುಕೊಂಡವರ ನೋವು ಸಣ್ಣದು ಅಂತ ನಾನು ಹೇಳುತ್ತಿಲ್ಲ. ಅವರೂ ಗಾಡಿ ಓಡಿಸಿಯೇ ಬದುಕುವವರು. ಸಾಕ್ಷಿ ಹೇಳಲು ಬಂದ ದಿನ ಕೋರ್ಟಿನ ಹೊರಗೆ ನಾನು ಅವರ ಜೊತೆ ಚಹಾ ಕುಡಿದೆ. ಗಾಡಿ ವಾಪಸ್ ಸಿಕ್ಕಿದಾಗ ಸ್ಟೇಷನ್ನಿನ ಹಿತ್ತಿಲಲ್ಲಿ ಒಂದು ಮಳೆಗಾಲ ಪೂರ್ತಿ ನಿಂತು, ಅಡಿಭಾಗ ತುಕ್ಕು ಹಿಡಿದು, ಸೀಟಿನಲ್ಲಿ ಹುಲ್ಲು ಹುಟ್ಟಿತ್ತಂತೆ. ನಮ್ಮ ಕಡಲ ಗಾಳಿಗೆ ಕಬ್ಬಿಣ ಎಷ್ಟು ದಿನ ತಡೆದೀತು. ಜಪ್ತಿಯಾದ ವಾಹನಗಳನ್ನು ಫೋಟೋ ತೆಗೆದು, ಬಾಂಡ್ ಬರೆಸಿಕೊಂಡು ಬೇಗ ವಾರಸುದಾರರಿಗೆ ಕೊಡಿ ಅಂತ ಸುಪ್ರೀಂ ಕೋರ್ಟು 2002ರಲ್ಲೇ ಸುಂದರಭಾಯಿ ಅಂಬಾಲಾಲ್ ದೇಸಾಯಿ ಕೇಸಿನಲ್ಲಿ ಹೇಳಿದೆ. ಹೊಸ ಸಂಹಿತೆಯ 497ರಲ್ಲಿ ಅದಕ್ಕೆ ದಿನಗಳ ಲೆಕ್ಕವನ್ನೂ ಹಾಕಿದ್ದಾರೆ. ಇನ್ನಾದರೂ ಹಾಗೆ ನಡೆಯಲಿ. ಅವರ ಗಾಡಿ ಹಾಳಾಯಿತು, ನಮ್ಮ ದುಡ್ಡು ಮುಳುಗಿತು, ಎರಡೂ ಕಡೆಗೆ ಮೋಸ ಮಾಡಿದವನು ಇವತ್ತಿಗೂ ಸಿಕ್ಕಿಲ್ಲ.

ಹಳೆ ಗಾಡಿ ಕೊಳ್ಳುವ ಹುಡುಗರಿಗೆ ನಾನು ಕೈಮುಗಿದು ಹೇಳುವುದಿಷ್ಟು. ಒರಿಜಿನಲ್ ಆರ್‌ಸಿ ಕಣ್ಣಾರೆ ನೋಡದೆ ಒಂದು ರೂಪಾಯಿ ಕೊಡಬೇಡಿ. ಗಾಡಿಯ ಮೇಲೆ ಹೊಡೆದ ಷಾಸಿ ನಂಬರನ್ನೂ ಇಂಜಿನ್ ನಂಬರನ್ನೂ ಆರ್‌ಸಿ ಜೊತೆ ಅಂಕೆ ಅಂಕೆ ಹೋಲಿಸಿ, ಉಜ್ಜಿದ ಹಾಗೆ ಕಂಡರೆ ಮೆಕ್ಯಾನಿಕ್ ಒಬ್ಬರಿಗೆ ತೋರಿಸಿ. ಈಗ ಸರ್ಕಾರದ ಪರಿವಾಹನ್ ವೆಬ್‌ಸೈಟಿನಲ್ಲಿ ಗಾಡಿ ನಂಬರ್ ಹಾಕಿದರೆ ವಿವರ ಬರುತ್ತದೆ, ಕಳವಾದ ವಾಹನ ಹೌದಾ ಅಲ್ವಾ ಅಂತ ನೋಡಲು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವಾಹನ್ ಸಮನ್ವಯ ಇದೆ. ಡೀಲರ್ ಹತ್ತಿರ ತೆಗೆದುಕೊಂಡರೆ ಆರ್‌ಟಿಒ ಕೊಟ್ಟ ಅಧಿಕಾರ ಪತ್ರ ಕೇಳಿ, 2023ರ ಏಪ್ರಿಲ್‌ನಿಂದ ಅದು ಅವರ ಹತ್ತಿರ ಇರಬೇಕು. ದುಡ್ಡು ಬ್ಯಾಂಕಿನ ಮೂಲಕವೇ ಕೊಡಿ, ಆ ಕಾಗದವನ್ನು ಜೋಪಾನ ಮಾಡಿ.

ಈಗ ನಿಮ್ಮಲ್ಲಿ ನನ್ನ ಕೋರಿಕೆ. ಯಾರಿಗಾದರೂ ಶಿಕ್ಷೆ ಆದ ಸುದ್ದಿ ಹಾಕುವಾಗ, ಯಾವ ಆರೋಪದಲ್ಲಿ ಶಿಕ್ಷೆ, ಯಾವುದರಲ್ಲಿ ಖುಲಾಸೆ ಅಂತ ಎರಡನ್ನೂ ಬರೆಯಿರಿ. ಅಪೀಲಿಗೆ ಅವಕಾಶ ಇದೆ ಅಂತ ಒಂದು ಸಾಲು ಸೇರಿಸಿ. ಆ ಕೇಸಿನ ನಂಬರನ್ನು ನಿಮ್ಮ ವರದಿಗಾರರು ಬರೆದಿಟ್ಟುಕೊಂಡರೆ, ಮುಂದೆ ಏನಾಯಿತು ಅಂತ ಕೋರ್ಟುಗಳ ಇ-ಕೋರ್ಟ್ಸ್ ವೆಬ್‌ಸೈಟಿನಲ್ಲಿ ಎರಡು ನಿಮಿಷದಲ್ಲಿ ನೋಡಬಹುದು. ನನ್ನಂಥ ಅರುವತ್ತೈದು ವರ್ಷದವನೇ ಫೋನಿನಲ್ಲಿ ನೋಡಲು ಕಲಿತಿದ್ದೇನೆ. ಅಪೀಲಿನಲ್ಲಿ ಖುಲಾಸೆ ಆದರೆ ಅದನ್ನು ಅದೇ ಪುಟದಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ ಹಾಕಿ. ಹಳೆಯ ಸುದ್ದಿ ನಿಮ್ಮ ವೆಬ್‌ಸೈಟಿನಲ್ಲಿ ಉಳಿದಿದ್ದರೆ ಅದರ ತಲೆಯ ಮೇಲೆಯೇ, ಈ ಶಿಕ್ಷೆ ಮೇಲಿನ ಕೋರ್ಟಿನಲ್ಲಿ ರದ್ದಾಗಿದೆ ಅಂತ ಬರೆಯಿರಿ. ಹುಡುಗನ ಹೆಸರು ಹುಡುಕಿದರೆ ಇವತ್ತಿಗೂ ಮೊದಲು ಬರುವುದು ಅದೇ.

ಖುಲಾಸೆಯ ವಿರುದ್ಧ ಸರ್ಕಾರ ಅಪೀಲು ಹೋಗಲು 90 ದಿನ ಇರುತ್ತದೆ. ಆ ದಿನಗಳೂ ಕಳೆದವು, ಯಾರೂ ಹೋಗಲಿಲ್ಲ. ಸೆಷನ್ಸ್ ಕೋರ್ಟಿನ ತೀರ್ಪಿನ ನಕಲು, 2022ರ ನಿಮ್ಮ ಪತ್ರಿಕೆಯ ಕಟಿಂಗ್, ಬ್ಯಾಂಕಿನ ಲೆಕ್ಕದ ಪ್ರತಿ, ಮೂರನ್ನೂ ಈ ಪತ್ರದ ಜೊತೆ ಲಕೋಟೆಯಲ್ಲಿ ಇಟ್ಟಿದ್ದೇನೆ. ನನ್ನ ಫೋನ್ ನಂಬರನ್ನು ಬೇರೆ ಚೀಟಿಯಲ್ಲಿ ಬರೆದಿದ್ದೇನೆ. ಪತ್ರ ಅಚ್ಚು ಹಾಕುವಾಗ ಹುಡುಗನ ಹೆಸರು ಬೇಡ. ಆದರೆ ಖುಲಾಸೆಯ ಸುದ್ದಿ ಬೇರೆಯಾಗಿ ಹಾಕುವುದಾದರೆ ಹೆಸರು, ವಯಸ್ಸು, ಊರು, ತಂದೆಯ ಹೆಸರು ಎಲ್ಲ ಹಾಕಿ. ಅವನನ್ನು ಕೇಳಿದ್ದೇನೆ, ಹಾಕಲಿ ಅಂದಿದ್ದಾನೆ. ಯಾವ ದಿನ ಬರುತ್ತದೆ ಅಂತ ಒಂದು ಫೋನ್ ಮಾಡಿ ತಿಳಿಸಿದರೆ ಉಪಕಾರ. ತಂಗಿ ಆ ಹಳೆ ಪೇಪರನ್ನು ಇನ್ನೂ ದೇವರ ಕೋಣೆಯಿಂದ ತೆಗೆದಿಲ್ಲ.

ಇತಿ,
ಒಬ್ಬ ಸೋದರಮಾವ
ಮೂಲ್ಕಿ, ಮಂಗಳೂರು